ಚಿಟ್ಟೆಮೀನಿನ ದವಡೆ

ಮಾರ್ಚ್ 4, ಸೋಮವಾರ

ಬಲಗಡೆಯ ಕೆಳದವಡೆ ಮತ್ತೆ ಸಿಡಿಯುತ್ತಿದೆ. ಎಡಗಡೆಯಲ್ಲೇ ಅಗಿದು ಊಟ ಮುಗಿಸಿದೆ. ಹಲ್ಲಿನ ಮಾತು ಹಾಳಾಗಲಿ, ಇವತ್ತು ನಡೆದದ್ದನ್ನು ಬರೆಯದಿದ್ದರೆ ಹೊಟ್ಟೆಯೊಳಗೇ ಕೊಳೆಯುತ್ತದೆ.

ಬೆಳಿಗ್ಗೆ ನಮ್ಮ ಮೀನು ಸಂಶೋಧನಾ ಕೇಂದ್ರದ ಸಭೆಗೆ ಹಡಗುಬಂದರಿನ ಕಂಪನಿಯ ಎಂಜಿನಿಯರ್ ಬಂದಿದ್ದ. ಮೇಜಿನ ಮೇಲೆ ಸಿಮೆಂಟಿನ ಒಂದು ಚಿಕ್ಕ ದಿಮ್ಮಿ ಇಟ್ಟ. ಮೈತುಂಬ ತೂತು. ದೊಡ್ಡ ಹಡಗುಗಳು ಒಳಗೆ ಬರಲು ಹವಳದ ದಿಬ್ಬವನ್ನು ಸೀಳಿ ಕಾಲುವೆ ತೋಡುತ್ತಾರಂತೆ. ದಿಬ್ಬದಲ್ಲಿರುವ ಮೀನುಗಳಿಗೆ ಆಚೆ ಬದಿಯಲ್ಲಿ ಇಂಥ ದಿಮ್ಮಿಗಳನ್ನು ಇಳಿಬಿಡುತ್ತಾರಂತೆ.

"ಇದು ಮೀನಿಗೆ ಹೊಸ ಮನೆ. ಬಾಡಿಗೆ ಇಲ್ಲ. ಮೀನಿಗೆ ಕಾಲಿಲ್ಲದಿದ್ರೇನು, ರೆಕ್ಕೆ ಇದೆಯಲ್ಲ. ಗಂಟುಮೂಟೆ ಕಟ್ಕೊಂಡು ಈ ಕಡೆ ಬರುತ್ತೆ" ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನೇ ಬರೆಯಬೇಕಿತ್ತು: ನಾನೂ ನಕ್ಕೆ.

ಆ ದಿಬ್ಬದ ಮೀನುಗಳ ಬಾಯನ್ನು ಅಳೆಯುವುದೇ ನನ್ನ ಕಸುಬು. ನನಗೆ ಮೀನಿನ ಮೂತಿ ತೋರಿಸಿದರೆ ಸಾಕು, ಅದರ ಊಟ ಹೇಳುತ್ತೇನೆ. ಗಿಳಿಮೀನಿಗೆ ಹಲ್ಲೆಲ್ಲ ಕೂಡಿ ಕೊಕ್ಕಾಗಿದೆ, ಬಂಡೆಯ ಪಾಚಿಯನ್ನು ಬಂಡೆಯ ಸಮೇತ ಹೆರೆಯುತ್ತದೆ, ಗಂಟಲಲ್ಲಿ ಇನ್ನೊಂದು ಜೊತೆ ಬೀಸುಹಲ್ಲು. ಮುಳ್ಳುಚೆಂಡಿನಂಥ ಕಡಲಜೀವಿಯನ್ನು ಒಡೆದು ತಿನ್ನುವ ಮೀನಿಗೆ ಕಣ್ಣು ಮೂತಿಯಿಂದ ಬಹಳ ಹಿಂದೆ, ಎತ್ತರದಲ್ಲಿ. ಮುಳ್ಳು ಕಣ್ಣಿಗೆ ತಾಗಬಾರದಲ್ಲ. ತೇಲಿ ಬರುವ ಕಣಗಳನ್ನು ಹೆಕ್ಕುವ ಮೀನಿಗೆ ಪುಟ್ಟ ಬಾಯಿ, ಅದೂ ಮೇಲ್ಮುಖ. ಇನ್ನು ಚಿಟ್ಟೆಮೀನು. ನಮ್ಮ ದಿಬ್ಬದ ಚಿಟ್ಟೆಮೀನಿಗೆ ಜೀವಂತ ಹವಳದ ಹುಳುವೊಂದೇ ಆಹಾರ. ಅದಕ್ಕೆ ತಕ್ಕಂತೆ ಚಿಮಟದಂಥ ಮೂತಿ, ಬ್ರಷ್ಷಿನ ಎಳೆಯಂಥ ಹಲ್ಲು. ಸಿಮೆಂಟಿನ ಮನೆ ಕೊಟ್ಟರೆ ಅದು ಸಿಮೆಂಟು ನೆಕ್ಕಬೇಕೇ?

ಈ ಮಾತು ಹಲ್ಲಿನ ಹಿಂಬದಿಯವರೆಗೂ ಬಂತು. ಬಂದು ವಾಪಸು ಹೋಯಿತು. "ಈ ಕಾಲುವೆಯ ವರದಿಗೆ ಮೀನಿನ ಅಧ್ಯಾಯ ನೀವು ಬರೀರಿ, ಮೇಡಂ" ಎಂದರು ನಿರ್ದೇಶಕರು. "ಆಯ್ತು ಸಾರ್" ಎಂದೆ.

ನಿರ್ದೇಶಕರನ್ನು ಇಲ್ಲಿ ಗವಿಮೀನು ಎಂದೇ ಬರೆಯುತ್ತೇನೆ. ಬಂಡೆಯ ಗವಿಯಲ್ಲಿ ಕೂರುವ ಆ ದೊಡ್ಡ ಬಾಯಿಯ ಮೀನು ಯಾರನ್ನೂ ಕಚ್ಚುವುದಿಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ. ಸುಮ್ಮನೆ ಬಾಯಿ ತೆರೆಯುತ್ತದೆ. ನೀರು ಒಳಗೆ ನುಗ್ಗುತ್ತದೆ, ನೀರಿನ ಜೊತೆ ನೀವೂ ಹೋಗುತ್ತೀರಿ. ಒಳಗೆ ಹೋದ ಮೇಲೆಯೇ ಗೊತ್ತಾಗುವುದು.

ಮಾರ್ಚ್ 6, ಬುಧವಾರ

ಮನೆಯಲ್ಲಿ ಹಬ್ಬದ ಮುಖ. ಹಡಗು ನಿಲ್ಲುವ ಹೊಸ ಕಟ್ಟೆ ಕಟ್ಟಿದರೆ ಗುತ್ತಿಗೆಯ ಕ್ರೇನ್ ಚಾಲಕರನ್ನೆಲ್ಲ ಕಾಯಂ ಮಾಡುತ್ತೇವೆ ಎಂದು ಕಂಪನಿ ಗೋಡೆಗೆ ಕಾಗದ ಅಂಟಿಸಿದೆಯಂತೆ. ನನ್ನ ಗಂಡ ತನ್ನ ಹಳದಿ ಹೆಲ್ಮೆಟ್ಟನ್ನು ಒರೆಸಿ ಕಪಾಟಿನ ಮೇಲೆ ಮೂರ್ತಿಯ ಹಾಗೆ ಇಟ್ಟಿದ್ದಾನೆ.

"ನಿಮ್ಮ ಆಫೀಸು ಒಂದು ರಿಪೋರ್ಟು ಕೊಡ್ಬೇಕಂತೆ, ಮೀನಿಗೆ ಏನೂ ಆಗಲ್ಲ ಅಂತ. ಅದೊಂದು ಸಿಕ್ಕಿದ್ರೆ ಮುಗೀತು" ಎಂದ.

"ಯಾರು ಬರೀತಾರೆ ಅಂತ ಗೊತ್ತಾ ರೀ?"

"ಯಾರಾದ್ರೂ ಬರೀಲಿ. ಬೇಗ ಬರೀಲಿ."

ಅತ್ತೆ ಹೊಸ ಹಲ್ಲಿನ ಸೆಟ್ಟನ್ನು ಲೋಟದಲ್ಲಿ ಮುಳುಗಿಸಿಟ್ಟು ಬೊಚ್ಚುಬಾಯಲ್ಲಿ ಬ್ರೆಡ್ಡು ನೆನೆಸಿಕೊಂಡು ತಿನ್ನುತ್ತಿದ್ದರು. ಹಾಕಿಕೊಳ್ಳಿ ಎಂದರೆ, "ಆ ಹಲ್ಲು ನನ್ನ ಬಾಯಿಗಲ್ಲ, ಮಾಡಿದವನ ಬಾಯಿಗೆ ಸರಿಯಾಗಿದೆ" ಎನ್ನುತ್ತಾರೆ. ನಾನು ಒಂದೇ ಕಡೆ ಅಗಿಯುವುದನ್ನು ನೋಡಿ, "ಏನಮ್ಮ, ಆಫೀಸಿನೋರು ನಿನ್ನ ಹಲ್ಲನ್ನೂ ಕಿತ್ಕೊಂಡ್ರಾ?" ಎಂದರು.

ಆಡುವುದು ತಮಾಷೆಗೇ. ಆದರೆ ಅತ್ತೆಯ ನಾಲಿಗೆಗೆ ಮೊನೆ ಇದೆ. ಮನೆಯಲ್ಲಿ ಹುಲಿ ಬೀದಿಯಲ್ಲಿ ಇಲಿ ಎಂಬ ಗಾದೆಯನ್ನು ಯಾರನ್ನೋ ನೆನೆದು ಹೇಳುತ್ತಾರೆ, ಕಣ್ಣು ಮಾತ್ರ ನನ್ನ ಮೇಲೆ. ನಾನು ಮನೆಯಲ್ಲೂ ಹುಲಿಯಲ್ಲ. ಈ ಹಾಳೆಯ ಮೇಲೆ ಮಾತ್ರ.

ಮಾರ್ಚ್ 9, ಶನಿವಾರ

ದಿಬ್ಬಕ್ಕೆ ಕೊನೆಯ ದೋಣಿ ಇವತ್ತು. ನಾಳೆಯಿಂದ ಅಲ್ಲಿಗೆ ಯಾರೂ ಹೋಗುವಂತಿಲ್ಲ, ಜಾಗ ಕಂಪನಿಯ ವಶ. ಹೂಳೆತ್ತುವ ಹಡಗು ಆಗಲೇ ಬಂದು ಲಂಗರು ಹಾಕಿದೆ. ಅದರ ಕೊಳವೆ ದಿಬ್ಬದ ಕಡೆಗೇ ಚಾಚಿಕೊಂಡಿದೆ, ಹಸಿದ ಸೊಂಡಿಲಿನ ಹಾಗೆ. ಯಾರ ಅಪ್ಪಣೆಯೂ ಸಿಕ್ಕಿಲ್ಲ, ಜನರ ಅಹವಾಲು ಕೇಳುವ ಸಭೆ ನಡೆದಿಲ್ಲ, ಹಡಗು ಮಾತ್ರ ಬಂದು ನಿಂತಿದೆ. ಮದುವೆಗೆ ಹೆಣ್ಣನ್ನು ಕೇಳುವ ಮೊದಲೇ ಚಪ್ಪರ ಹಾಕುವ ಜನ. ತಡೆಯುವವರು ಯಾರೂ ಇಲ್ಲ ಎಂಬ ಧೈರ್ಯ. ಯಾಕಿರಬಾರದು? ತಡೆಯಬೇಕಾದವರು ಇಲ್ಲಿ ಕೂತು ಡೈರಿ ಬರೆಯುತ್ತಿದ್ದೇವೆ.

ಒಳ್ಳೆಯ ಮಾದರಿಗಳು ಸಿಕ್ಕವು. ಚಿಟ್ಟೆಮೀನುಗಳೇ ಒಂದು ಬುಟ್ಟಿ. ದಡಕ್ಕೆ ಬರುವಾಗ ದವಡೆ ಕಿವಿಯವರೆಗೂ ಹತ್ತಿ ಉರಿಯುತ್ತಿತ್ತು. ಗವಿಮೀನಿನಿಂದ ಫೋನು: ಕಂಪನಿಯವರು ಬಂದಿದ್ದಾರೆ, ಕೂಡಲೇ ಬನ್ನಿ. ಮೀನನ್ನೆಲ್ಲ ಕೊಳೆಯದ ಹಾಗೆ ಫಾರ್ಮಾಲಿನ್ ಡ್ರಮ್ಮಿಗೆ ಸುರಿದು ಓಡಿದೆ. ಓಡಿ ಹೋಗಿ ಮಾಡಿದ್ದೇನು? ಬಿಸ್ಕತ್ತಿನ ತಟ್ಟೆಯ ಹಿಂದೆ ಕೂತು ಫೋಟೋಗೆ ಮುಖ ಕೊಟ್ಟೆ.

ಮಾರ್ಚ್ 11, ಸೋಮವಾರ

ಅನಾಹುತವಾಗಿದೆ. ಮಾಡಿದವಳು ನಾನೇ.

ಮೀನನ್ನು ಫಾರ್ಮಾಲಿನ್‌ಗೆ ಹಾಕುವ ಮುಂಚೆ ಬಾಯಿ ಪೂರ್ತಿ ತೆರೆದು ಗುಂಡುಸೂಜಿ ಚುಚ್ಚಿ ನಿಲ್ಲಿಸಬೇಕು. ನಮ್ಮ ಕೆಲಸದ ಮೊದಲ ಪಾಠ ಇದು. ಫಾರ್ಮಾಲಿನ್ ಮಾಂಸವನ್ನು ಕಟ್ಟಿಗೆ ಮಾಡುತ್ತದೆ. ತೆರೆದ ಬಾಯಿ ತೆರೆದೇ ಇರುತ್ತದೆ, ಮುಚ್ಚಿದ್ದು ಮುಚ್ಚಿಯೇ. ಬಾಯಿ ಎಷ್ಟು ಅಗಲ, ಎಷ್ಟು ಮುಂದೆ ಚಾಚುತ್ತದೆ ಎಂದು ಮತ್ತೆ ಅಳೆಯುವ ಹಾಗಿಲ್ಲ.

ಡ್ರಮ್ಮಿನ ಮುಚ್ಚಳ ತೆರೆದರೆ ಎಲ್ಲವೂ ತುಟಿ ಬಿಗಿದುಕೊಂಡು ಬಿದ್ದಿವೆ. ಒಂದಕ್ಕೂ ಸೂಜಿಯಿಲ್ಲ. ಮಾದರಿಕೋಣೆಯ ಉಸ್ತುವಾರಿ, ನಾವೆಲ್ಲ ಬಾಟಲಿಯಣ್ಣ ಎನ್ನುವವರು, ಬಗ್ಗಿ ನೋಡಿ, "ಇಷ್ಟು ದಿನ ಇಲ್ಲಿ ಸಂಬಳ ತಗೊಂಡೋರಲ್ಲಿ ಇಷ್ಟೊಂದು ಬಾಯಿ ಮುಚ್ಕೊಂಡಿದ್ದೋರನ್ನ ನಾನು ನೋಡೇ ಇಲ್ಲ, ಮೇಡಮ್ಮ" ಎಂದರು. ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಂಡರು.

ಗವಿಮೀನಿಗೆ ಹೇಳಲೇಬೇಕಾಯಿತು. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಹೋಗ್ಲಿ ಬಿಡಿ ಮೇಡಂ. ಮನುಷ್ಯರು ಅಂದ್ಮೇಲೆ ತಪ್ಪಾಗುತ್ತೆ. ಅಳತೆ ಇಲ್ಲ ಅಂದ್ಮೇಲೆ ಬಾಯಿಯ ಅಧ್ಯಾಯವೇ ಬೇಡ. ಕೈಬಿಡೋಣ."

ಎಷ್ಟು ದಯೆ. ನನ್ನ ತಪ್ಪು ಅವರಿಗೆ ಹಬ್ಬದೂಟ. "ಥ್ಯಾಂಕ್ಸ್ ಸಾರ್" ಎಂದೆ. ನಾನು, ನಾನೇ, ಥ್ಯಾಂಕ್ಸ್ ಎಂದೆ.

ಮಾರ್ಚ್ 15, ಶುಕ್ರವಾರ

ದಂತವೈದ್ಯೆ ಚಿಕ್ಕ ಹುಡುಗಿ. ಕನ್ನಡಿ ಹಾಕಿ ಬಾಯಿ ಪೂರ್ತಿ ನೋಡಿದಳು.

"ಹುಳುಕಿಲ್ಲ, ಕೀವಿಲ್ಲ. ನಿದ್ದೇಲಿ ಹಲ್ಲು ಕಡೀತಿದ್ದೀರ. ಬಲಗಡೆ ದವಡೆಹಲ್ಲು ಸವೆದು ಚಪ್ಪಟೆಯಾಗಿದೆ. ಯಾರ ಮೇಲೆ ಇಷ್ಟು ಕೋಪ ಮೇಡಂ?"

"ಯಾರ ಮೇಲೂ ಇಲ್ಲ. ಉಪ್ಪುನೀರಿನ ಗಾಳಿಗೆ ಹೀಗಾಗಿರಬೇಕು" ಎಂದೆ.

ಅವಳು ನಂಬಿದ ಹಾಗೆ ಕಾಣಲಿಲ್ಲ. ತಟ್ಟೆಯಲ್ಲಿ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬಾಯಿಗಿಟ್ಟು ಹಲ್ಲಿನ ಅಚ್ಚು ತೆಗೆದಳು. ಮೆದುವಾದ ಪ್ಲಾಸ್ಟಿಕ್ ಪಟ್ಟಿ ಮಾಡಿಸಿ ಕೊಡುತ್ತಾಳಂತೆ. ಮಲಗುವಾಗ ಕಚ್ಚಿಕೊಂಡರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವುದಿಲ್ಲ. ಹಿಟ್ಟು ಗಟ್ಟಿಯಾಗುವವರೆಗೆ ಬಾಯಿ ತೆರೆದು ಜೊಲ್ಲು ಸುರಿಸುತ್ತಾ ಕೂತೆ. ನನ್ನ ಬಾಯಿಯ ಅಳತೆಗೆ ಇಷ್ಟು ತಾಳ್ಮೆ. ಆ ಮೀನುಗಳಿಗೆ ಒಂದು ಸೂಜಿ ಚುಚ್ಚಲು ನನಗೆ ಪುರುಸೊತ್ತಿರಲಿಲ್ಲ.

ಮಾರ್ಚ್ 23, ಶನಿವಾರ

ಗವಿಮೀನು ಕರಡು ಕಳಿಸಿದ್ದಾರೆ. ಬಾಯಿಯ ಅಧ್ಯಾಯವಿದ್ದ ಜಾಗದಲ್ಲಿ ಒಂದೇ ವಾಕ್ಯ: "ಮೀನುಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳುತ್ತವೆ." ಅದರಡಿ ನನ್ನ ಹೆಸರು. ಮೇ ಮೂರನೇ ತಾರೀಖು ಅಹವಾಲು ಸಭೆ. ನಾನು ವೇದಿಕೆಯ ಮೇಲೆ ಕೂರಬೇಕು. ಅವರು ಓದುತ್ತಾರೆ, ನಾನು ತಲೆ ಆಡಿಸಬೇಕು. ಅಲ್ಲಿ ಈ ವಾಕ್ಯ ಪಾಸಾದರೆ ಮಾರನೇ ದಿನ ಆ ಕೊಳವೆ ದಿಬ್ಬಕ್ಕೆ ಇಳಿಯುತ್ತದೆ.

ಹೊಂದಿಕೊಳ್ಳುತ್ತವೆ. ಈ ಮಾತನ್ನು ಕಂಡರೆ ನನಗೆ ಮೈಯುರಿಯುತ್ತದೆ. ಉಳ್ಳವರ ನಿಘಂಟಿನಲ್ಲಿ ಇದಕ್ಕಿಂತ ಕೊಳಕು ಪದ ಇನ್ನೊಂದಿಲ್ಲ. ಗುಡಿಸಲು ಕಿತ್ತರೆ ಜನ ಹೊಂದಿಕೊಳ್ಳುತ್ತಾರೆ. ಕೂಲಿ ಕಡಿದರೆ ಹೊಂದಿಕೊಳ್ಳುತ್ತಾರೆ. ಬಾವಿಗೆ ಬೇಲಿ ಹಾಕಿದರೆ ದೂರದ ನೀರಿಗೆ ಹೊಂದಿಕೊಳ್ಳುತ್ತಾರೆ. ಸತ್ತವರು ಹೊಂದಿಕೊಳ್ಳಲಿಲ್ಲ ಎಂದು ಯಾರೂ ಎಣಿಸುವುದಿಲ್ಲ. ಒಂದು ಮೂತಿ ಚಿಮಟವಾಗಲು ಎಷ್ಟು ತಲೆಮಾರು ಹಿಡಿದಿದೆ ಎಂದು ಈ ಬಿಸ್ಕತ್ತು ತಿನ್ನುವವರಿಗೆ ಗೊತ್ತೇ? ಅಷ್ಟು ತಲೆಮಾರುಗಳನ್ನು ಒಂದು ಮಳೆಗಾಲದೊಳಗೆ ವಾಪಸು ತಿರುಗಿಸಿ ಎಂದು ಮೀನಿಗೆ ಸುತ್ತೋಲೆ ಕಳಿಸುತ್ತಾರಂತೆ.

ಇಷ್ಟನ್ನು ಬರೆದು ಪೆನ್ನು ಕೆಳಗಿಟ್ಟೆ. ತರಕಾರಿ ಹೆಚ್ಚಲು ಕೂತೆ. ಅಲ್ಲಿ ಹೊಳೆಯಿತು.

ಬಾಯಿ ಮುಚ್ಚಿದರೇನು? ಮಾಂಸ ಬಿಗಿದಿದೆ, ಮೂಳೆ ಎಲ್ಲಿಗೂ ಹೋಗಿಲ್ಲ. ಕತ್ತರಿಯನ್ನು ಮುಚ್ಚಿಟ್ಟರೂ ಅದರ ಹಿಡಿ ಎಷ್ಟುದ್ದ, ಅಲಗು ಎಷ್ಟುದ್ದ ಎಂದು ಅಳೆಯಬಹುದು. ದವಡೆಯೂ ಕತ್ತರಿಯೇ. ಕೀಲಿನಿಂದ ಸ್ನಾಯು ಹಿಡಿದ ಜಾಗದವರೆಗೆ ಒಂದು ಅಳತೆ, ಕೀಲಿನಿಂದ ಹಲ್ಲಿನ ತುದಿಯವರೆಗೆ ಇನ್ನೊಂದು. ಎರಡನ್ನೂ ಹೋಲಿಸಿದರೆ ಆ ಬಾಯಿ ಒಡೆಯುವುದೋ ಹೆಕ್ಕುವುದೋ ಗೊತ್ತಾಗುತ್ತದೆ. ಮಾಂಸವನ್ನು ಗಾಜಿನಂತೆ ಮಾಡಿ ಮೂಳೆಗೆ ಬಣ್ಣ ಹಿಡಿಸುವ ಹಳೆಯ ವಿಧಾನ ಇದೆ. ಫಾರ್ಮಾಲಿನ್‌ನಲ್ಲಿ ಬಿದ್ದ ಮೀನಿಗೆ ಅದು ಇನ್ನೂ ಚೆನ್ನ.

ಸಂಜೆಯೇ ಹೋಗಿ ಬಾಟಲಿಯಣ್ಣನನ್ನು ಅದಕ್ಕೆ ಬೇಕಾದ ಪೊಟ್ಯಾಶ್ ಕೇಳಿದೆ.

"ಯಾವ ಕೆಲಸಕ್ಕೆ ಅಂತ ಬರ್ಕೊಳ್ಳಲಿ?"

"ತೊಳೆಯೋಕೆ."

"ಏನು ತೊಳೆಯೋಕೆ?"

"ಅಣ್ಣ, ಕೊಡ್ತೀರೋ ಇಲ್ವೋ?"

ಕೊಟ್ಟರು. ಬಾಗಿಲವರೆಗೂ ಬಂದು, "ನಾನು ಏನೂ ನೋಡಿಲ್ಲ. ನನಗೆ ನಿವೃತ್ತಿ ಹತ್ತಿರ, ಕಣ್ಣು ಮಂಜು" ಎಂದರು.

ಏಪ್ರಿಲ್ 2, ಮಂಗಳವಾರ

ಚಿಟ್ಟೆಮೀನುಗಳು ಕರಗುತ್ತಿಲ್ಲ, ತಿಳಿಯಾಗುತ್ತಿವೆ. ಮೊದಲು ರೆಕ್ಕೆ, ಆಮೇಲೆ ಬಾಲ. ಹಳದಿ ಪಟ್ಟೆ ಮಸುಕಾಗಿ, ಮೈ ನೆನೆದ ಕಾಗದದ ಹಾಗಾಗಿ, ಈಗ ಅವುಗಳ ಆಚೆಗಿಟ್ಟ ಗಡಿಯಾರ ಕಾಣುತ್ತದೆ. ಅವಸರ ಮಾಡಿದರೆ ಮೂಳೆಯೂ ಕಳಚಿ ಬೀಳುತ್ತದೆ. ಪೊಟ್ಯಾಶ್ ಒಂದು ಚಮಚ ಹೆಚ್ಚಾಗಿ ಒಂದು ಮೀನು ಹಾಗೇ ಬಿಡಿಬಿಡಿಯಾಯಿತು. ಅದನ್ನು ಚೆಲ್ಲಲು ಮನಸ್ಸಾಗಲಿಲ್ಲ.

ಜಾಡಿಗಳನ್ನು ಕಸದ ಬುಟ್ಟಿಯ ಹಿಂದಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಗವಿಮೀನು ನಿನ್ನೆ ಪ್ರಯೋಗಶಾಲೆಗೆ ಬಂದು, "ಏನೋ ವಾಸನೆ" ಎಂದರು. ಬಾಟಲಿಯಣ್ಣ ತಕ್ಷಣ, "ನನ್ನ ಸಾಕ್ಸು ಸಾರ್" ಎಂದರು. ಅವರು ಮೂಗು ಮುಚ್ಚಿಕೊಂಡು ಹೊರಟರು.

ಕಿಟಕಿಯಿಂದ ಆ ಹಡಗು ಕಾಣುತ್ತದೆ. ಅಲ್ಲೇ ಇದೆ.

ಏಪ್ರಿಲ್ 11, ಗುರುವಾರ

ಮೂಳೆಗೆ ಕೆಂಪು ಹಿಡಿಯಿತು. ಗ್ಲಿಸರಿನ್ ಜಾಡಿಯಲ್ಲಿ ಈಗ ಮೀನಿಲ್ಲ, ಮೀನಿನ ಬೆತ್ತಲೆ ಸತ್ಯವಿದೆ. ಗಾಜಿನ ಮೈಯೊಳಗೆ ರಕ್ತಗೆಂಪು ದವಡೆ. ಸೂಜಿಗಿಂತ ತುಸು ದಪ್ಪ, ಅಷ್ಟೇ. ಸೂಕ್ಷ್ಮದರ್ಶಕದಡಿ ಎಲ್ಲವನ್ನೂ ಅಳೆದೆ, ಗಿಳಿಮೀನಿನದನ್ನು ಪಕ್ಕದಲ್ಲಿಟ್ಟು. ಗಿಳಿಮೀನಿನ ದವಡೆ ಗಿಡ್ಡ, ದಪ್ಪ. ಕೀಲಿನ ಹತ್ತಿರವೇ ಕತ್ತರಿಸುವ ಕತ್ತರಿಯಂತೆ ಅದಕ್ಕೆ ಬಲ ಹೆಚ್ಚು. ಚಿಟ್ಟೆಮೀನಿನದು ತುದಿಯಲ್ಲಿ ಹೆಕ್ಕುವ ಚಿಮಟ. ಸಿಮೆಂಟಿನ ಮೇಲೆ ಮೊದಲು ಬೆಳೆಯುವುದು ಪಾಚಿ, ಆಮೇಲೆ ಚಿಪ್ಪು. ಗಿಳಿಮೀನು ಹೇಗೋ ಬದುಕೀತು. ಚಿಟ್ಟೆಮೀನು ತುಂಬಿದ ಅಂಗಡಿಯ ಮುಂದೆ ಹಸಿದು ಸಾಯುತ್ತದೆ.

ಅಧ್ಯಾಯವನ್ನು ಮತ್ತೆ ಬರೆದು ಗವಿಮೀನಿನ ಮೇಜಿನ ಮೇಲಿಟ್ಟೆ.

ಪುಟ ತಿರುವಿದರು. "ಸೊಗಸಾಗಿದೆ. ಯಾವುದಾದ್ರೂ ಪತ್ರಿಕೆಗೆ ಕಳಿಸಿ. ರಿಪೋರ್ಟಿಗೆ ಇದು ಭಾರ ಆಗುತ್ತೆ."

"ರಿಪೋರ್ಟಿಗಾಗಿಯೇ ಮಾಡಿದ್ದು."

"ಒಳನಾಡಿನ ಕೆರೆ ಕೇಂದ್ರದಲ್ಲಿ ಒಂದು ಜಾಗ ಖಾಲಿ ಇದೆ, ಗೊತ್ತಾ? ತಂಪಾದ ಜಾಗ. ನೀವು ಇಲ್ಲೇ ಇರ್ಬೇಕು ಅಂತ ನನ್ನಾಸೆ." ಫೈಲು ಮುಚ್ಚಿದರು. "ನಿಮ್ಮ ಯಜಮಾನ್ರು ಬಂದರಲ್ಲೇ ಅಲ್ವಾ?"

"ಹೌದು."

"ಒಳ್ಳೇದು. ಕಾಯಂ ಆಗ್ಲಿ."

ಅಷ್ಟೇ. ದನಿ ಏರಲಿಲ್ಲ. ಬಾಯಿ ತೆರೆದರು, ನೀರು ನುಗ್ಗಿತು. ಹೊರಗೆ ಬಂದೆ. ದವಡೆ ಹಿಡಿದುಕೊಂಡು ಬಿಟ್ಟಿತ್ತು, ಬೆರಳಿನಿಂದ ತಿಕ್ಕಿ ಬಿಡಿಸಬೇಕಾಯಿತು.

ಏಪ್ರಿಲ್ 19, ಶುಕ್ರವಾರ

ಜಗಳವಾಯಿತು. ಗಂಡನನ್ನು ಮೇಲ್ವಿಚಾರಕ ಕರೆದು, "ನಿನ್ನ ಹೆಂಡತಿಗೆ ಬುದ್ಧಿ ಹೇಳು" ಅಂದನಂತೆ. ನಾನೇ ವರದಿಯ ಮೀನಿನವಳು ಎಂದು ಗಂಡನಿಗೆ ಗೊತ್ತಾದದ್ದು ಹೀಗೆ.

"ಒಂದು ಮಾತು ಹೇಳೋಕಾಗ್ಲಿಲ್ವಾ ನನಗೆ?" ಎಂದ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಬೇಗ ಬರೀಲಿ ಅಂದ್ರಲ್ಲ ನೀವು."

"ಮೀನು ಸಾಯುತ್ತೆ, ಒಪ್ಪಿದೆ. ಅದಕ್ಕೆ ಒಂದೇ ಊಟ, ಅದನ್ನೂ ಒಪ್ಪಿದೆ. ನನಗೆ ಎಷ್ಟು ಊಟ ಗೊತ್ತು ಹೇಳು? ಕ್ರೇನ್ ಬಿಟ್ರೆ ಈ ಕೈಗೆ ಇನ್ನೇನು ಬರುತ್ತೆ? ನಾನೂ ನಿನ್ನ ಚಿಟ್ಟೆಮೀನೇ ಕಣೇ. ನನ್ನ ಬಾಯಿ ಯಾವ ಜಾಡೀಲಿ ಹಾಕಿ ಅಳೀತೀಯ?"

ಈ ಪುಸ್ತಕದಲ್ಲಿ ಕೂಗಿದ ಘೋಷಣೆಯೊಂದೂ ಅವನ ಮುಂದೆ ನಿಲ್ಲಲಿಲ್ಲ. ಅವನು ಹೇಳಿದ್ದು ಸರಿ. ಸರಿ ಎಂಬುದೇ ಉರಿಯುತ್ತದೆ. ಹಸಿದವನನ್ನೂ ಹಸಿಯಲಿರುವ ಮೀನನ್ನೂ ಒಂದೇ ತಟ್ಟೆಯ ಎರಡು ಬದಿಗೆ ಕೂರಿಸಿ, ತಟ್ಟೆ ಇಟ್ಟವನು ಪರದೆಯ ಹಿಂದೆ ಕೂತಿದ್ದಾನೆ.

ಅತ್ತೆ ಒಳಗಿನಿಂದ, "ಜಗಳ ಆದ್ಮೇಲೆ ಹಾಲು ಕಾಯಿಸಿ, ನನ್ನ ಬ್ರೆಡ್ಡು ಒಣಗ್ತಿದೆ" ಎಂದರು. ಯಾರೂ ನಗಲಿಲ್ಲ. ಅವನು ಹೊರಗಿನ ಕೋಣೆಯಲ್ಲಿ ಮಲಗಿದ.

ಏಪ್ರಿಲ್ 26, ಶುಕ್ರವಾರ

ವರದಿ ಅಚ್ಚಾಗಿ ಬಂತು. ಬಾಯಿಯ ಅಧ್ಯಾಯವಿಲ್ಲ. ಆ ವಾಕ್ಯವಿದೆ, ಅದರಡಿ ನನ್ನ ಹೆಸರು.

ಗವಿಮೀನಿನ ಕೋಣೆಗೆ ಹೋಗಿ, ಇದು ನಾನು ಬರೆದದ್ದಲ್ಲ ಎಂದೆ. "ಬರೀಬೇಕಾಗಿಲ್ಲ, ತಲೆ ಆಡಿಸಿದ್ರೆ ಸಾಕು" ಎಂದರು. ಕೂರಲು ಹೇಳಿದರು. ನಾನು ಕೂರಲಿಲ್ಲ.

ಬಾಟಲಿಯಣ್ಣ ಒಂದು ಜಾಡಿಗೆ ಹೊಸ ಗ್ಲಿಸರಿನ್ ತುಂಬಿ ಮುಚ್ಚಳ ಬಿಗಿಮಾಡಿ ಕೊಟ್ಟರು. ಸೋರುವುದಿಲ್ಲವಂತೆ, ಚೀಲದಲ್ಲಿ ಅಡ್ಡ ಮಲಗಿಸಿದರೂ. ಚೀಲದ ಮಾತನ್ನು ನಾನು ಎತ್ತಿರಲೇ ಇಲ್ಲ.

ಮೇ 3, ಶುಕ್ರವಾರ

ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ದಿಬ್ಬದ ಸುತ್ತ ಬಲೆ ಹಾಕುವವರು, ಹೆಂಗಸರು ಮಕ್ಕಳನ್ನೂ ಕರೆತಂದಿದ್ದರು. ಹಿಂದಿನ ಸಾಲುಗಳೆಲ್ಲ ಹಳದಿ ಹೆಲ್ಮೆಟ್ಟು. ಕಂಪನಿಯೇ ಬಸ್ಸಿನಲ್ಲಿ ತುಂಬಿ ತಂದಿತ್ತು, ಚಪ್ಪಾಳೆಗೆ. ಅವುಗಳಲ್ಲಿ ಒಂದು ನಮ್ಮ ಮನೆಯದು, ಯಾವುದೆಂದು ಗೊತ್ತಾಗಲಿಲ್ಲ.

ಗವಿಮೀನು ಓದಿದರು. "ಮೀನುಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳುತ್ತವೆ ಎಂದು ನಮ್ಮ ವಿಜ್ಞಾನಿ ಕಂಡುಕೊಂಡಿದ್ದಾರೆ." ಓದಿ ನನ್ನ ಕಡೆ ತಿರುಗಿದರು.

"ಇಲ್ಲ" ಎಂದೆ.

ಅವರು ನಕ್ಕರು. "ಮೇಡಂ ಏನು ಹೇಳ್ತಿದ್ದಾರೆ ಅಂದ್ರೆ..."

"ನಾನು ಹೇಳ್ತೀನಿ" ಎಂದೆ. ಎದ್ದು ನಿಂತೆ.

ಮೈಕು ಸತ್ತಿತು. ಯಾರು ಆರಿಸಿದರೋ. ಹಿಂದಿನ ಸಾಲುಗಳಲ್ಲಿ ಗದ್ದಲ ಶುರುವಾಯಿತು, ಕಾಲು ಬಡಿಯುವುದು, ಸಿಳ್ಳೆ. ಅದರ ನಡುವಿನಿಂದ ಒಂದು ಗಂಟಲು: "ಜೋರಾಗಿ ಹೇಳು. ಇಲ್ಲಿಗೆ ಕೇಳಿಸ್ತಿಲ್ಲ." ಗದ್ದಲ ಕಡಿಮೆಯಾಯಿತು. ಜೋರಾಗಿ ಹೇಳಿದೆ.

ಜಾಡಿಯನ್ನು ಮುಂದಿನ ಸಾಲಿಗೆ ಕೊಟ್ಟೆ. ಕೈಯಿಂದ ಕೈಗೆ ದಾಟಿಸಿ ಎಂದೆ. "ಆ ಕೆಂಪು ಕಾಣೋದು ದವಡೆ. ಬೆರಳ ತುದಿ ಪಕ್ಕ ಇಟ್ಟು ನೋಡಿ, ಎಷ್ಟಿದೆ. ಇದು ಜೀವ ಇರೋ ಹವಳ ಹೆಕ್ಕೋ ಬಾಯಿ. ಸಿಮೆಂಟು ಹೆರೆಯೋ ಬಾಯಿ ಅಲ್ಲ. ದಿಬ್ಬ ಹೋದ್ರೆ ಇದು ಹೊಂದಿಕೊಳ್ಳಲ್ಲ, ಸಾಯುತ್ತೆ. ಮೀನು ಹಿಡಿದಾಗ ಬಾಯಿ ತೆರೆದಿಡೋಕೆ ಮರೆತೋಳು ನಾನು. ಅದು ನನ್ನ ತಪ್ಪು. ಮೂಳೇಲಿ ತಪ್ಪಿಲ್ಲ."

ಎಂಜಿನಿಯರ್ ಎದ್ದು, ಹಾಗಾದರೆ ಇಷ್ಟು ಜನ ಕಾರ್ಮಿಕರ ಗತಿ ಏನು, ಮೇಡಂ ಉತ್ತರ ಕೊಡಲಿ ಎಂದ. ಹಳದಿ ಸಾಲುಗಳು ನನ್ನನ್ನೇ ನೋಡುತ್ತಿದ್ದವು.

"ಅವರನ್ನ ಕಾಯಂ ಮಾಡೋಕೆ ಹವಳ ಯಾಕೆ ಒಡೀಬೇಕು? ಇವತ್ತು ಓಡ್ತಿರೋ ಕ್ರೇನನ್ನ ಓಡಿಸ್ತಿರೋರು ಅವರೇ. ಅವರ ತುತ್ತನ್ನ ಮೀನಿನ ಬಾಯಿಂದ ಕಿತ್ತು ಕೊಡ್ತೀವಿ ಅಂತ ಹೇಳ್ತಿರೋರು ನೀವು. ಕೊಡ್ಬೇಕಾದ್ದು ನಿಮ್ಮ ಜೇಬಿಂದ. ಅದಕ್ಕೆ ಉತ್ತರ ಮೀನಿನವಳನ್ನ ಕೇಳ್ಬೇಡಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಲೂ ಬಡಿಯಲಿಲ್ಲ. ಜಾಡಿ ಹಿಂದಿನ ಸಾಲುಗಳಿಗೆ ಹೋಗಿತ್ತು. ಹೆಲ್ಮೆಟ್ಟುಗಳು ಅದರ ಮೇಲೆ ಬಗ್ಗುತ್ತಿದ್ದವು.

ಸಭೆಯ ಅಧ್ಯಕ್ಷೆ ಕೇಳಿದರು: "ವರದಿಯ ಈ ವಾಕ್ಯ ನಿಮ್ಮದೇ?"

"ಅಲ್ಲ."

"ಬರೆದುಕೊಳ್ಳಿ" ಎಂದರು ಪಕ್ಕದವನಿಗೆ.

ಕೂತೆ. ಹಸಿವಾಗಿತ್ತು.

ಮೇ 4, ಶನಿವಾರ

ಗಂಡ ಜಾಡಿ ತಂದ. ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು, ಒಡೆಯದ ಹಾಗೆ.

"ಮೈಕ್ ಇಲ್ದೆ ಮಾತಾಡೋಕೆ ಬರಲ್ಲ ನಿನಗೆ. ಗಂಟಲಿಂದ ಕೂಗ್ತೀಯ. ಹೊಟ್ಟೆಯಿಂದ ಕೂಗ್ಬೇಕು."

"ನೀವೇನಾ ಕೂಗಿದ್ದು?"

"ಕ್ರೇನ್ ಮೇಲಿಂದ ಕೂಗಿ ಕೂಗಿ ಅಭ್ಯಾಸ" ಎಂದ. ನಾಳೆ ಎಲ್ಲ ಚಾಲಕರೂ ಸೇರಿ ಕಂಪನಿಯ ಮುಂದೆ ಕೂರುತ್ತಾರಂತೆ, ಇರುವ ಕ್ರೇನಿಗೇ ಕಾಯಂ ಮಾಡಿ ಎಂದು. ಕೆಲಸ ಹೋದರೂ ಹೋಗಬಹುದು ಎಂದ. ಹೆದರಿದ್ದಾನೆ. ನನಗೂ ಹೆದರಿಕೆಯಿದೆ.

ಅತ್ತೆ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಪಾಪ, ಇದಕ್ಕೂ ಹಲ್ಲಿಲ್ವಾ?" ಎಂದರು.

ಮೇ 9, ಗುರುವಾರ

ಎರಡು ಕಾಗದ ಬಂದವು. ಒಂದು ನನ್ನನ್ನು ಕೆರೆ ಕೇಂದ್ರಕ್ಕೆ ವರ್ಗ ಮಾಡಿದ್ದು. ಇನ್ನೊಂದು ಅಹವಾಲು ಸಭೆಯದು: ವರದಿ ತಿರಸ್ಕೃತ, ಬಾಯಿಯ ಅಧ್ಯಾಯ ಸೇರಿಸಿ ಹೊಸದನ್ನು ಕೊಡುವವರೆಗೆ ಅಗೆಯುವಂತಿಲ್ಲ.

ಕಂಪನಿ ಮೇಲ್ಮನವಿಗೆ ಹೋಗುತ್ತದೆ, ದುಡ್ಡಿದ್ದವರಿಗೆ ಮೆಟ್ಟಿಲು ಬಹಳ. ನಾವೂ ಹತ್ತಬೇಕು. ಹಡಗು ನಿಂತಿದೆ, ಕೊಳವೆ ಮೇಲೆತ್ತಿದ್ದಾರೆ.

ಬಾಟಲಿಯಣ್ಣ ಜಾಡಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆ ಕಟ್ಟಿದರು. "ಕೆರೆ ಮೀನಿಗೂ ಬಾಯಿ ಇರುತ್ತೆ ಮೇಡಮ್ಮ" ಎಂದರು.

ಮೇ 15, ಬುಧವಾರ

ಮಧ್ಯಾಹ್ನ ಸಾಮಾನು ಕಟ್ಟಿದೆ. ಕಂಪನಿಯ ಗೇಟಿನ ಮುಂದೆ ಕೂತವರಿಗೆಂದು ಕೊಂಡ ಹುರಿಗಡಲೆಯಲ್ಲಿ ಒಂದು ಮುಷ್ಟಿ ನನ್ನ ಜೇಬಿನಲ್ಲಿ ಉಳಿದಿತ್ತು. ಅದನ್ನೇ ಬಲಗಡೆಯ ಹಲ್ಲಿನಲ್ಲಿ ಅಗಿಯುತ್ತಾ ಕೂತಿದ್ದಾಗ ದಂತವೈದ್ಯೆ ಫೋನ್ ಮಾಡಿದಳು. ಪಟ್ಟಿ ಬಂದು ಬಹಳ ದಿನವಾಯಿತು, ಯಾಕೆ ಬರಲಿಲ್ಲ ಎಂದು ಕೇಳಿದಳು.

ಯಾವ ಪಟ್ಟಿ ಎಂದೆ.